ಶುಗರ್ ಗ್ಲೈಡರನ್ನು ಮನೆಗೆ ತರುವ ಮುನ್ನ

ಗುರುಮಠಕಲ್ಲಿನಂತಹ ಊರಿನಲ್ಲಿ ಪ್ರಾಣಿಗಳ ಸಾಕಣೆ ಹೊಸ ಸಂಗತಿಯೇನೂ ಅಲ್ಲ. ಹಿತ್ತಿಲಿನಲ್ಲಿ ಎಮ್ಮೆ, ಅಂಗಳದಲ್ಲಿ ಆಡು, ಹೊಸ್ತಿಲ ಹೊರಗೆ ನಾಯಿ, ಒಲೆಯ ಬದಿಯಲ್ಲಿ ಬೆಕ್ಕು. ಇವುಗಳ ನಡುವೆಯೇ ಅಲ್ಲಿಯ ಹಿರಿಯರ ಬಾಲ್ಯ ಕಳೆದಿದೆ. ಸಾಕಣೆಯ ವಿದ್ಯೆಯನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಎಮ್ಮೆ ಮೇವು ಬಿಟ್ಟರೆ ಏನು ಮಾಡಬೇಕೆಂಬುದು ಮನೆಯ ಅಜ್ಜಿಗೆ ಗೊತ್ತು. ಅಜ್ಜಿಗೆ ತಿಳಿಯದಿದ್ದರೆ ಪಕ್ಕದ ಓಣಿಯ ಮುದುಕನಿಗೆ ಗೊತ್ತು. ಅವನಿಗೂ ತಿಳಿಯದಿದ್ದರೆ ದನದ ದವಾಖಾನೆ ಇದ್ದೇ ಇದೆ. ಒಂದು ಎಮ್ಮೆಯ ಹಿಂದೆ ಇಡೀ ಊರಿನ ತಿಳಿವಳಿಕೆ ಬೆಂಗಾವಲಾಗಿ ನಿಂತಿರುತ್ತದೆ.

ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಪ್ರಾಣಿ ಮೊಬೈಲ್ ಪರದೆಯ ಮೂಲಕ ಮಧ್ಯಮ ವರ್ಗದ ಮನೆಗಳೊಳಕ್ಕೆ ಇಣುಕತೊಡಗಿದೆ. ಅಂಗೈಯಗಲದ ಬೂದು ಮೈ, ಬೆನ್ನಿನ ಮೇಲೊಂದು ಕಪ್ಪು ಗೆರೆ, ಮುಖವೆಲ್ಲ ತುಂಬಿಕೊಂಡ ಎರಡು ಕರಿಯ ಕಣ್ಣು. ಪರದೆಯ ಮೇಲೆ ಅದು ಕಪಾಟಿನಿಂದ ಯಜಮಾನನ ಹೆಗಲಿಗೆ ಗಾಳಿಯಲ್ಲಿ ತೇಲಿಬಂದು ಇಳಿಯುತ್ತದೆ. ಅಂಗಿಯ ಜೇಬಿನೊಳಗೆ ಸೇರಿ ನಿದ್ದೆ ಹೋಗುತ್ತದೆ. ಇದನ್ನು ಕಂಡ ಹತ್ತು ವರ್ಷದ ಹುಡುಗಿ, "ಅಪ್ಪಾಜಿ, ಇಂಥಾದೊಂದು ತಂದುಕೊಡ್ರಿ" ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇದರ ಹೆಸರು ಶುಗರ್ ಗ್ಲೈಡರ್. ಬೆಂಗಳೂರು, ಹೈದರಾಬಾದಿನಂತಹ ನಗರಗಳ ಸಾಕುಪ್ರಾಣಿ ವ್ಯಾಪಾರದಲ್ಲಿ ವಿದೇಶೀ ಪ್ರಾಣಿಗಳಿಗೆ ಗಿರಾಕಿಗಳು ಹೆಚ್ಚಿದ್ದಾರೆ. ದುಡ್ಡು ಕೊಟ್ಟರೆ ಸಿಗುವ ವಸ್ತು ಎಂಬ ಭಾವನೆ ಹುಟ್ಟುವುದೂ ಸಹಜ. ಆದರೆ ಎಮ್ಮೆಗಿರುವ ಬೆಂಗಾವಲು ಇದಕ್ಕಿಲ್ಲ. ಊರಿನ ಅಜ್ಜಿ ಇದನ್ನು ಕಂಡಿಲ್ಲ, ಓಣಿಯ ಮುದುಕ ಇದರ ಹೆಸರು ಕೇಳಿಲ್ಲ, ದವಾಖಾನೆಯ ವೈದ್ಯರ ಕೈಗೆ ಇಂತಹ ರೋಗಿ ಬಂದಿರುವ ಸಂಭವವೂ ಕಡಿಮೆ. ಊರು ಒದಗಿಸಬೇಕಾದ ತಿಳಿವಳಿಕೆಯನ್ನೆಲ್ಲ ಸಾಕುವವನೊಬ್ಬನೇ ಒದಗಿಸಬೇಕು. ಆದುದರಿಂದ ಬೆಲೆ ಎಷ್ಟೆಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಅನೇಕವಿವೆ.

ಇದು ಅಳಿಲಲ್ಲ

ಮೊದಲ ನೋಟಕ್ಕೆ ಇದನ್ನು ಹಾರುವ ಅಳಿಲೆಂದು ತಿಳಿಯುವವರೇ ಹೆಚ್ಚು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ನಿಜವಾದ ಹಾರುವ ಅಳಿಲು ಇದೆ. ಜನ ಅದನ್ನು ಹಾರುಬೆಕ್ಕು ಎನ್ನುತ್ತಾರೆ. ಎರಡಕ್ಕೂ ಮುಂಗಾಲಿನಿಂದ ಹಿಂಗಾಲಿನವರೆಗೆ ಚಾಚಿಕೊಂಡ ಚರ್ಮದ ಪದರವುಂಟು. ಎರಡೂ ಆ ಪದರವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತವೆ. ಆದರೆ ರೂಪದ ಹೋಲಿಕೆ ಇದ್ದಮಾತ್ರಕ್ಕೆ ಕುಲದ ನಂಟು ಇರಬೇಕೆಂದೇನಿಲ್ಲ. ಶುಗರ್ ಗ್ಲೈಡರ್ ಕಾಂಗರೂವಿನ ಬಳಗಕ್ಕೆ ಸೇರಿದ, ಹೊಟ್ಟೆಯ ಚೀಲದಲ್ಲಿ ಮರಿಯನ್ನು ಸಾಕುವ ಪ್ರಾಣಿ. ಒಂದೇ ಬಗೆಯ ಬದುಕು ಎರಡು ಬೇರೆ ಬೇರೆ ಕುಲಗಳಿಗೆ ಒಂದೇ ಬಗೆಯ ಉಡುಗೆಯನ್ನು ತೊಡಿಸಿದೆ, ಅಷ್ಟೆ.

ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ಕಾಡುಗಳು ಈ ಬಗೆಯ ಗ್ಲೈಡರುಗಳ ತವರು. ಅಮೆರಿಕದ ಮನೆಗಳಲ್ಲಿ ಸಾಕಿರುವ ಗ್ಲೈಡರುಗಳ ವಂಶಮೂಲವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಅದು ಆಸ್ಟ್ರೇಲಿಯದಲ್ಲಿರದೆ ಇಂಡೊನೇಷ್ಯಕ್ಕೆ ಸೇರಿದ ಪಶ್ಚಿಮ ಪಪುವಾದಲ್ಲಿದೆಯೆಂದು 2019ರಲ್ಲಿ ಪ್ರಕಟವಾಯಿತು. ಇದರ ಶಾಸ್ತ್ರೀಯ ನಾಮ ಪೆಟಾರಸ್ ಬ್ರೆವಿಸೆಪ್ಸ್. ಮೊದಲ ಪದ ಕಸರತ್ತಿನವರನ್ನು ಸೂಚಿಸುವ ಗ್ರೀಕ್ ಪದಕ್ಕೆ ಸಂಬಂಧಿಸಿದ್ದು. ಎರಡನೆಯದಕ್ಕೆ ಗಿಡ್ಡ ತಲೆ ಎಂದರ್ಥ. ಬೆಳೆದ ಪ್ರಾಣಿಯ ತೂಕ ಸುಮಾರು 100ರಿಂದ 160 ಗ್ರಾಂ, ಎಂದರೆ ಒಂದು ದೊಡ್ಡ ಮಾವಿನಹಣ್ಣಿಗಿಂತಲೂ ಕಡಿಮೆ. ಈ ಪುಟ್ಟ ಜೀವ ಒಂದೇ ನೆಗೆತಕ್ಕೆ 50 ಮೀಟರು ದೂರ ತೇಲಬಲ್ಲದು.

ಇದರ ಹುಟ್ಟಂತೂ ಒಂದು ಸೋಜಿಗ. ತಾಯಿ ಗರ್ಭ ಧರಿಸಿದ ಹದಿನಾರು ದಿನಗಳ ಆಸುಪಾಸಿನಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಮರಿ ಹುಟ್ಟುತ್ತದೆ. ಕಣ್ಣಿಲ್ಲದ, ರೋಮವಿಲ್ಲದ ಆ ಕೂಸು ತಾನಾಗಿಯೇ ತೆವಳಿಕೊಂಡು ಹೋಗಿ ತಾಯಿಯ ಹೊಟ್ಟೆಯ ಚೀಲವನ್ನು ಸೇರಿ ಮೊಲೆ ಹಿಡಿಯುತ್ತದೆ. ಸುಮಾರು ಎಪ್ಪತ್ತು ದಿನ ಅಲ್ಲಿಯೇ ಬೆಳೆಯುತ್ತದೆ. ಹೊರಬಂದ ಮೇಲೂ ಹಾಲು ಬಿಡಲು ಇನ್ನೊಂದೂವರೆ ತಿಂಗಳು ಬೇಕು. ಲಾಭದ ಆತುರದಲ್ಲಿ ಇದಕ್ಕಿಂತ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿಗಳು ಬದುಕುಳಿಯುವುದು ಕಷ್ಟ.

ಇಷ್ಟು ತಿಳಿದ ಮೇಲೆ, ಮಾರುವವರು ಸಾಮಾನ್ಯವಾಗಿ ಆಡುವ ಐದು ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಬಹುದು.

"ಚಿಕ್ಕ ಪ್ರಾಣಿ, ಮನೆಯ ಒಂದು ಮೂಲೆ ಸಾಕು"

ಪ್ರಾಣಿಗೆ ಬೇಕಾದ ಜಾಗವನ್ನು ಅದರ ತೂಕದಿಂದ ಅಳೆಯುವುದಲ್ಲ. ಅದರ ನೆಗೆತದಿಂದ ಅಳೆಯಬೇಕು. ಮರದ ತುದಿಯಲ್ಲಿ ಬಾಳುವ ಈ ಜೀವಿಗೆ ಅಗಲಕ್ಕಿಂತ ಎತ್ತರ ಮುಖ್ಯ. ಮೂರು ಅಡಿ ಅಗಲ, ಎರಡು ಅಡಿ ಆಳ, ಮೂರು ಅಡಿ ಎತ್ತರದ ಪಂಜರ ಕನಿಷ್ಠ. ಅದಕ್ಕಿಂತ ಎತ್ತರವಾದಷ್ಟೂ ಒಳ್ಳೆಯದು. ಸರಳುಗಳ ನಡುವಣ ಸಂದು ಅರ್ಧ ಅಂಗುಲವನ್ನು ಮೀರಬಾರದು. ಮೀರಿದರೆ ತಲೆ ತೂರಿಸಿಕೊಂಡು ಹೊರಬೀಳುತ್ತದೆ, ಇಲ್ಲವೆ ಸಿಕ್ಕಿಕೊಂಡು ಸಾಯುತ್ತದೆ. ಒಳಗೆ ಹತ್ತಲು ಕೊಂಬೆಗಳು, ಮಲಗಲು ಬಟ್ಟೆಯ ಜೋಳಿಗೆ, ಆಡಲು ಚಕ್ರ ಇರಬೇಕು. ಗಿಳಿಯ ಪಂಜರ ಇದಕ್ಕೆ ಸಾಲದು. ಪ್ರಾಣಿ ಸಾಕಷ್ಟು ಅಲುಗಾಡಲಾರದ ಪಂಜರದಲ್ಲಿ ಅದನ್ನು ಕೂಡಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ನೆನಪಿನಲ್ಲಿಡಬೇಕು.

ಪಂಜರ ಎಷ್ಟೇ ದೊಡ್ಡದಿರಲಿ, ಪ್ರತಿರಾತ್ರಿ ಕೆಲವು ಹೊತ್ತು ಅದನ್ನು ಹೊರಗೆ ಬಿಡಬೇಕಾಗುತ್ತದೆ. ಹೀಗೆ ಬಿಡುವ ಕೋಣೆಯನ್ನು ಒಮ್ಮೆ ಅದರ ಕಣ್ಣಿನಿಂದ ನೋಡಬೇಕು. ಮೇಲೆ ತಿರುಗುವ ಫ್ಯಾನು ನಮಗೆ ಗಾಳಿ, ತೇಲುವ ಪ್ರಾಣಿಗೆ ಕತ್ತಿ. ತೆರೆದ ನೀರಿನ ಬಕೀಟು ಅದಕ್ಕೆ ಬಾವಿ. ಕಿಟಕಿಯ ಸಂದು, ಅಡುಗೆಮನೆಯ ಉರಿ, ಕಪಾಟಿನ ಹಿಂದಿನ ತಂತಿ, ಮನೆಯ ಬೆಕ್ಕು ಎಲ್ಲವೂ ಅಪಾಯವೇ. ಶಹಾಬಾದಿ ಕಲ್ಲಿನ ನೆಲದ ಮೇಲೆ ಮಗುವಿನ ಕೈಯಿಂದ ಜಾರಿಬಿದ್ದರೆ ಆ ಎಳೆಯ ಮೂಳೆಗಳು ತಾಳಲಾರವು. ಚಿಕ್ಕ ಮಕ್ಕಳ ಕೈಗೆ ಇದನ್ನು ಆಟಿಕೆಯಂತೆ ಕೊಡತಕ್ಕದ್ದಲ್ಲ. ಹಿರಿಯರು ಮುಟ್ಟಿದರೂ ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

"ಒಂದೇ ಸಾಕು, ನಿಮ್ಮನ್ನೇ ಹಚ್ಚಿಕೊಳ್ಳುತ್ತದೆ"

ಐದು ಮಾತುಗಳಲ್ಲಿ ಅತ್ಯಂತ ಕ್ರೂರವಾದುದು ಇದು. ಕೇಳಲು ಮಾತ್ರ ಅತ್ಯಂತ ಸಿಹಿ. ಕಾಡಿನಲ್ಲಿ ಶುಗರ್ ಗ್ಲೈಡರುಗಳು ಒಂದು ಮರದ ಪೊಟರೆಯಲ್ಲಿ ಏಳು ದೊಡ್ಡ ಪ್ರಾಣಿಗಳವರೆಗೆ ಒಟ್ಟಿಗೆ, ಮರಿಗಳೊಡನೆ, ಒಂದರ ಮೈಗೊಂದು ಒತ್ತಿಕೊಂಡು ಮಲಗುತ್ತವೆ. ಗಂಡಿನ ನೆತ್ತಿಯಲ್ಲೂ ಎದೆಯಲ್ಲೂ ಸುವಾಸನಾಗ್ರಂಥಿಗಳಿವೆ. ಅವುಗಳ ವಾಸನೆಯನ್ನು ಗುಂಪಿನವರೆಲ್ಲರಿಗೂ ಹಚ್ಚಿ, ಅದರಿಂದಲೇ ತನ್ನವರನ್ನು ಗುರುತಿಸುತ್ತದೆ. ಅವಿಭಕ್ತ ಕುಟುಂಬದ ಇಂತಹ ಪ್ರಾಣಿಯನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಅದು ಕೊರಗುತ್ತದೆ. ಊಟ ಬಿಡುವುದು, ಒಂದೇ ಕಡೆ ಗಿರಗಿರನೆ ತಿರುಗುವುದು, ತನ್ನ ರೋಮವನ್ನು ತಾನೇ ಕಿತ್ತುಕೊಳ್ಳುವುದು, ಕೊನೆಗೆ ತನ್ನ ಬಾಲವನ್ನೂ ಕಾಲನ್ನೂ ಕಚ್ಚಿ ಗಾಯ ಮಾಡಿಕೊಳ್ಳುವುದು, ಇವೆಲ್ಲ ಆ ಕೊರಗಿನ ಚಿಹ್ನೆಗಳು.

ಆದುದರಿಂದ ಸಾಕುವುದಾದರೆ ಕನಿಷ್ಠ ಎರಡನ್ನು ಸಾಕಬೇಕು. ಎರಡೆಂದರೆ ಖರ್ಚೂ ಎರಡು ಪಾಲು. ಗಂಡು ಹೆಣ್ಣು ಜೊತೆಯಿದ್ದರೆ ಒಂದು ಸಲಕ್ಕೆ ಒಂದೋ ಎರಡೋ ಮರಿಗಳಂತೆ ಸಂಸಾರ ಬೆಳೆಯತೊಡಗುತ್ತದೆ; ಆ ಮರಿಗಳಿಗೆ ನೆಲೆ ಎಲ್ಲಿ ಎಂಬ ಪ್ರಶ್ನೆಯೂ ಜೊತೆಯಲ್ಲೇ ಹುಟ್ಟುತ್ತದೆ. ಗಂಡಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದೊಂದೇ ದಾರಿ. ನೂರು ಗ್ರಾಂ ತೂಕದ ಪ್ರಾಣಿಗೆ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆ ಮಾಡುವುದು ಪಳಗಿದ ಕೈಗೆ ಮಾತ್ರ ಸಾಧ್ಯವಾದ ಕೆಲಸ.

ಇನ್ನು ಹಚ್ಚಿಕೊಳ್ಳುವ ಮಾತು. ಇದು ಪೂರ್ತಿ ಇರುಳಿನ ಜೀವಿ. ಮನೆಮಂದಿ ಎದ್ದು, ಸ್ನಾನ ಮಾಡಿ, ಶಾಲೆ ಕಚೇರಿಗಳಿಗೆ ಹೊರಡುವ ಹೊತ್ತಿಗೆ ಅದು ಮುದುಡಿಕೊಂಡು ಮಲಗಿರುತ್ತದೆ. ಮನೆಯ ದೀಪಗಳೆಲ್ಲ ಆರಿದ ಮೇಲೆ ಅದರ ಹಗಲು ಆರಂಭವಾಗುತ್ತದೆ. ಆಗ ಅದು ಓಡಾಡುತ್ತದೆ, ನೆಗೆಯುತ್ತದೆ, ಸಣ್ಣ ನಾಯಿಮರಿಯಂತೆ ಬೊಗಳುತ್ತದೆ; ಹೆದರಿದರೆ ಕರಕರನೆ ಯಂತ್ರ ತಿರುಗಿದಂತೆ ಕೂಗುತ್ತದೆ. ಶಾಲೆಯಿಂದ ಬಂದ ಹುಡುಗಿ ಆಟಕ್ಕೆಂದು ಅದನ್ನು ಎಬ್ಬಿಸಿದರೆ, ನಮ್ಮನ್ನು ನಡುರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕುಣಿಯೆಂದಂತೆ. ಇದನ್ನೆಲ್ಲ ಕೇಳಿದ ಅಜ್ಜಿಯೊಬ್ಬಳು, "ಹಗಲೆಲ್ಲ ಮಲಗೋ ಕೂಸಿಗಿ ರಾತ್ರಿ ಎದ್ದು ಕಾಯೋರು ಯಾರವ್ವಾ?" ಎಂದು ಕೇಳಿದರೆ, ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ತಜ್ಞನೂ ಕೇಳಲಾರ.

"ಹಣ್ಣು, ಜೇನು ಕೊಟ್ಟರಾಯಿತು"

ಹೆಸರಿನಲ್ಲಿಯೇ ಸಕ್ಕರೆ ಇರುವುದರಿಂದ ಈ ಭ್ರಮೆ ಹುಟ್ಟಿದೆ. ಕಾಡಿನಲ್ಲಿ ಇದರ ಊಟ ಏನೆಂಬುದನ್ನು ನೋಡಬೇಕು. ನೀಲಗಿರಿಯ ಜಾತಿಯ ಮರಗಳ ತೊಗಟೆಯನ್ನು ಕಚ್ಚಿ ಅದರ ರಸವನ್ನು ಹೀರುತ್ತದೆ. ಜಾಲಿಯ ಬಳಗದ ಮರಗಳ ಅಂಟನ್ನು ನೆಕ್ಕುತ್ತದೆ. ಹೂವಿನ ಮಕರಂದ, ಪರಾಗ ತಿನ್ನುತ್ತದೆ. ಇವೆಲ್ಲದರ ಜೊತೆಗೆ ಹುಳುಹುಪ್ಪಟೆ, ಜೇಡಗಳನ್ನು ಹಿಡಿದು ತಿನ್ನುತ್ತದೆ. ಬಾಣಂತಿಗೆ ಅಂಟಿನುಂಡಿ ಕಟ್ಟುವ ನಾಡಿನವರಿಗೆ ಅಂಟಿನ ಸತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹುಳುಗಳ ಮಾತು ಬಂದಾಗ ಮನೆಯ ಗೃಹಿಣಿ ಹುಬ್ಬು ಗಂಟಿಕ್ಕುವಳು. ಮೊಟ್ಟೆಯನ್ನೂ ಒಳಗೆ ತಾರದ ಮನೆಗಳು ಗುರುಮಠಕಲ್ಲಿನಲ್ಲಿ ಎಷ್ಟಿಲ್ಲ! ಅಂತಹ ಮನೆಯಲ್ಲಿ ಡಬ್ಬಿಯಲ್ಲಿ ಹಿಟ್ಟಿನ ಹುಳು ಸಾಕಿ, ಮಿಡತೆ ಹಿಡಿದು, ಬೇಯಿಸಿದ ಮೊಟ್ಟೆ ಕಿವುಚಿ ಉಣಿಸುವವರು ಯಾರೆಂಬುದು ಮೊದಲ ದಿನವೇ ತೀರ್ಮಾನವಾಗಬೇಕಾದ ವಿಷಯ. ಪ್ರಾಣಿ ನಮ್ಮ ಮನೆಗೆ ಬಂದಿತೆಂಬ ಕಾರಣಕ್ಕೆ ನಮ್ಮ ಆಚಾರವನ್ನು ಅದರ ಹೊಟ್ಟೆಯ ಮೇಲೆ ಹೇರಲು ಬರುವುದಿಲ್ಲ.

ಬರಿಯ ಹಣ್ಣಿನ ಮೇಲೆ ಬೆಳೆಸಿದರೆ ಆಗುವ ಅನರ್ಥ ಇದು: ಹಣ್ಣಿನಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕಡಿಮೆ, ರಂಜಕದ ಅಂಶ ಅದಕ್ಕೆ ಹೋಲಿಸಿದರೆ ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಕುಗ್ಗಿದಾಗ ದೇಹ ತನ್ನ ಮೂಳೆಗಳಿಂದಲೇ ಅದನ್ನು ಸೆಳೆದುಕೊಳ್ಳುತ್ತದೆ. ಮೂಳೆಗಳು ಟೊಳ್ಳಾಗಿ, ಬೆನ್ನು ಬಾಗಿ, ಒಂದು ದಿನ ಹಿಂಗಾಲುಗಳು ಎಳೆದಾಡತೊಡಗುತ್ತವೆ. ನಿನ್ನೆಯವರೆಗೆ ನೆಗೆಯುತ್ತಿದ್ದ ಪ್ರಾಣಿ ಇಂದು ತೆವಳುತ್ತದೆ. ಸಾಕಿದ ಗ್ಲೈಡರುಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಗಳಲ್ಲಿ ಇದೊಂದು. ಕಾರಣ ಕೇವಲ ಅಜ್ಞಾನ. ಆಹಾರದಲ್ಲಿ ಕ್ಯಾಲ್ಸಿಯಂ ಪ್ರಮಾಣ ರಂಜಕದ ಸುಮಾರು ಎರಡರಷ್ಟು ಇರಬೇಕೆಂದು ವೈದ್ಯರು ಹೇಳುತ್ತಾರೆ. ಇದಕ್ಕಾಗಿ, ಗ್ಲೈಡರಿನ ನೆಂಟನಾದ ಲೆಡ್‌ಬೀಟರ್ಸ್ ಪಾಸಮ್ ಎಂಬ ಪ್ರಾಣಿಯ ಹೆಸರಿನಲ್ಲಿ ಒಂದು ಮಿಶ್ರಣ ಬಳಕೆಯಲ್ಲಿದೆ. ಜೇನು, ಬೇಯಿಸಿದ ಮೊಟ್ಟೆ, ಶಿಶುಗಳ ಧಾನ್ಯದ ಹಿಟ್ಟು, ಜೀವಸತ್ವಗಳನ್ನು ಅಳತೆಯಂತೆ ಬೆರೆಸಿ ಅದನ್ನು ತಯಾರಿಸುತ್ತಾರೆ. ಜೊತೆಗೆ ಹುಳುಗಳು, ಸ್ವಲ್ಪವೇ ಹಣ್ಣು ತರಕಾರಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕರಿದ ತಿಂಡಿ ಇವುಗಳನ್ನು ಹತ್ತಿರಕ್ಕೂ ಒಯ್ಯಬಾರದು. ಮನೆಯವರು ಉಂಡು ಮಿಕ್ಕ ರೊಟ್ಟಿಯ ತುಂಡು ನಾಯಿಗೆ ಸಂದಂತೆ ಇದಕ್ಕೆ ಸಲ್ಲದು.

"ಎಂಥ ಹವೆಗೂ ಒಗ್ಗುತ್ತದೆ"

ಈ ಮಾತನ್ನು ಬೆಂಗಳೂರಿನಲ್ಲಿ ಕೇಳಿ ತಲೆದೂಗಬಹುದು. ಯಾದಗಿರಿ ಸೀಮೆಯಲ್ಲಿ ಕೇಳಿ ತಲೆದೂಗಲಾಗದು. ಈ ಪ್ರಾಣಿಗೆ ಹಿತವಾದುದು ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಕೆಳಗೆ 18, ಮೇಲೆ 32ರ ಆಸುಪಾಸಿನವರೆಗೆ ಅದು ಸಹಿಸಬಲ್ಲದು. ಚಳಿ ಹೆಚ್ಚಾಗಿ ಆಹಾರ ಕಡಿಮೆಯಾದಾಗ ಮೈಯ ಬಿಸಿಯನ್ನು ತಾನೇ ಇಳಿಸಿಕೊಂಡು ಗಂಟೆಗಟ್ಟಲೆ ಸತ್ತಂತೆ ಮಲಗುವ ಉಪಾಯ ಅದಕ್ಕೆ ಗೊತ್ತು. ಬಿಸಿಲಿಗೆ ಅಂತಹ ಉಪಾಯವಿಲ್ಲ.

ಗುರುಮಠಕಲ್ಲಿನ ಏಪ್ರಿಲ್, ಮೇ ತಿಂಗಳುಗಳನ್ನು ಬಲ್ಲವರಿಗೆ ಉಳಿದುದನ್ನು ಹೇಳಬೇಕಾಗಿಲ್ಲ. ಹೊರಗೆ 40 ಡಿಗ್ರಿ ದಾಟುವ ದಿನಗಳು ಅಲ್ಲಿ ಅಪರೂಪವಲ್ಲ. ಕಲ್ಲಿನ ಮನೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ಉಗುಳುತ್ತವೆ. ಕೂಲರು ಇದ್ದರೂ ಕರೆಂಟು ಹೋದ ಮಧ್ಯಾಹ್ನ ಅದು ಬರಿಯ ಡಬ್ಬಿ. ಮನುಷ್ಯನಾದರೋ ಬೇವಿನ ಮರದಡಿಗೆ ಎದ್ದುಹೋಗುತ್ತಾನೆ. ಪಂಜರದಲ್ಲಿರುವ ಪ್ರಾಣಿ ಎಲ್ಲಿಗೆ ಹೋಗಬೇಕು? ಬೇಸಗೆಯ ರಜೆಯಲ್ಲಿ ಮನೆಮಂದಿಯೆಲ್ಲ ಮದುವೆಗೋ ಜಾತ್ರೆಗೋ ಹೊರಟಾಗ ಮುಚ್ಚಿದ ಮನೆಯಲ್ಲಿ ಅದನ್ನು ಬಿಟ್ಟುಹೋಗುವುದು ಸಾವಿಗೆ ಒಪ್ಪಿಸಿದಂತೆ. ಅದಕ್ಕೆ ಅನ್ನ ನೀರು ಕೊಡಲು ನೆರೆಯವರನ್ನು ಕೇಳಿಕೊಂಡರೂ, ರಾತ್ರಿ ಎದ್ದು ಹುಳು ತಿನ್ನುವ ಪ್ರಾಣಿಯ ಉಪಚಾರಕ್ಕೆ ಎಷ್ಟು ಮಂದಿ ಒಪ್ಪಿಯಾರು?

ವೈದ್ಯರ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಗಳು ಇರುವುದು ದನ, ಎಮ್ಮೆ, ಕುರಿ, ಆಡುಗಳ ಸಲುವಾಗಿ. ಅವು ಆ ಕೆಲಸವನ್ನು ಮಾಡುತ್ತಿವೆ. ಬೀದರಿನಲ್ಲಿ 2004ರಲ್ಲಿ ಸ್ಥಾಪನೆಯಾದ ಪಶುವೈದ್ಯ, ಪಶು ಹಾಗೂ ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ. ವಿದೇಶೀ ಪ್ರಾಣಿಗಳಲ್ಲಿ ಪಳಗಿದ ವೈದ್ಯರನ್ನು ಹುಡುಕಬೇಕಾದರೆ ಹೈದರಾಬಾದಿನಂತಹ ದೊಡ್ಡ ನಗರಕ್ಕೇ ಹೋಗಬೇಕಾದೀತು. ಇಷ್ಟು ಚಿಕ್ಕ ಪ್ರಾಣಿ ಕಾಯಿಲೆ ಬಿದ್ದರೆ ದಿನಗಳ ಕಾಲಾವಕಾಶ ಕೊಡುವುದಿಲ್ಲ, ಗಂಟೆಗಳ ಲೆಕ್ಕ. ವೈದ್ಯರ ವಿಳಾಸವನ್ನು ಪ್ರಾಣಿಯನ್ನು ತಂದ ಮೇಲೆ ಹುಡುಕುವುದಲ್ಲ, ತರುವ ಮೊದಲೇ ಗೊತ್ತುಮಾಡಿಟ್ಟುಕೊಳ್ಳಬೇಕು.

"ಕಾಗದಪತ್ರದ ಗೊಡವೆಯೇನೂ ಇಲ್ಲ"

ಕಾನೂನಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ವಿಚಿತ್ರವಿದೆ. ಕಾಡಿನ ಹುಲಿಯನ್ನು ಮುಟ್ಟಬಾರದೆಂದು ಎಲ್ಲರಿಗೂ ಗೊತ್ತು. ಪಂಜರದ ಗಿಳಿಯನ್ನೂ ಮುಟ್ಟಬಾರದೆಂದು ಗೊತ್ತಿರುವವರು ಕಡಿಮೆ. ಕೊರಳಲ್ಲಿ ಉಂಗುರವಿರುವ ನಮ್ಮ ಹಸುರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಅದೃಷ್ಟ ತರುತ್ತದೆಂದು ಮನೆಯಲ್ಲಿ ಇಟ್ಟುಕೊಳ್ಳುವ ನಕ್ಷತ್ರ ಆಮೆಯೂ ಹಾಗೆಯೇ. 2019ರಲ್ಲಿ ಅದು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೂ ಸೇರಿತು. ಗ್ಲೈಡರಿನ ಆಸೆಗೆ ಬದಲು ಹಾರುಬೆಕ್ಕಿನ ಮರಿಯನ್ನೋ ಕಾಡುಪಾಪವನ್ನೋ ತಂದುಕೊಡುತ್ತೇನೆಂದು ಯಾರಾದರೂ ಹೇಳಿದರೆ, ಅದು ನೇರವಾಗಿ ಜೈಲಿನ ದಾರಿ.

ವಿದೇಶೀ ಪ್ರಾಣಿಗಳಿಗೆ ಕಟ್ಟುಪಾಡಿಲ್ಲವೆಂಬ ಮಾತು ಒಂದು ಕಾಲದಲ್ಲಿ ಬಹಳಮಟ್ಟಿಗೆ ನಿಜವಾಗಿತ್ತು. 2022ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿಯಲ್ಲಿ ಹೆಸರಿರುವ ವಿದೇಶೀ ಜೀವಿಗಳನ್ನು ಸಾಕುವವರು ಅವುಗಳನ್ನು ನೋಂದಾಯಿಸಬೇಕೆಂಬ ವಿಧಿ ಬಂದಿತು. 2024ರ ನಿಯಮಗಳು ಆ ನೋಂದಣಿಯನ್ನು ಪರಿವೇಶ್ ಎಂಬ ಸರಕಾರಿ ಜಾಲತಾಣದ ಮೂಲಕ ಮಾಡುವ ಕ್ರಮವನ್ನು ಗೊತ್ತುಪಡಿಸಿದವು. ಇಂತಹ ಪಟ್ಟಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದುದರಿಂದ ಯಾವುದೇ ವಿದೇಶೀ ಪ್ರಾಣಿಯನ್ನು ಕೊಳ್ಳುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸುವುದು ಜಾಣತನ. ಹೊರದೇಶದಿಂದ ಜೀವಂತ ಪ್ರಾಣಿಯನ್ನು ತರಲು ಆಮದಿನ ಪರವಾನಗಿ, ಆರೋಗ್ಯ ಪತ್ರಗಳು ಬೇಕು. ಸಾಕುಪ್ರಾಣಿಗಳ ಅಂಗಡಿಗಳು 2018ರ ನಿಯಮಗಳಂತೆ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತವಾಗಿರಬೇಕು. ರಸೀದಿ ಕೊಡಲೊಪ್ಪದವನು, ಮರಿಯ ತಾಯಿತಂದೆಯನ್ನು ತೋರಿಸಲಾರದವನು, ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿಯಲ್ಲಿಟ್ಟು ಕೈಗೆ ಕೊಡುತ್ತೇನೆನ್ನುವವನು, ಇವರಿಂದ ಪ್ರಾಣಿಯನ್ನು ಕೊಳ್ಳುವುದೆಂದರೆ ಕಳವಿನ ಮಾಲಿಗೆ ಕೈಯೊಡ್ಡಿದಂತೆಯೇ.

ಇತರ ದೇಶಗಳು ಈ ಪ್ರಾಣಿಯ ವಿಷಯದಲ್ಲಿ ಏಕೆ ಎಚ್ಚರ ವಹಿಸಿವೆಯೆಂಬುದನ್ನೂ ನೋಡಬೇಕು. ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ಹವಾಯಿ ರಾಜ್ಯಗಳಲ್ಲಿ ಇದನ್ನು ಮನೆಯಲ್ಲಿ ಸಾಕಲು ಅನುಮತಿಯಿಲ್ಲ. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದಲ್ಲಿ ಶುಗರ್ ಗ್ಲೈಡರುಗಳು ಮೊದಲು ಇರಲಿಲ್ಲ. 1835ರ ಸುಮಾರಿಗೆ ಮನುಷ್ಯರೇ ಅವನ್ನು ಅಲ್ಲಿಗೆ ಒಯ್ದರು. ಇಂದು ಅಲ್ಲಿ ಸ್ವಿಫ್ಟ್ ಪ್ಯಾರಟ್ ಎಂಬ ಗಿಳಿ ಅಳಿವಿನ ಅಂಚಿಗೆ ಬಂದು ನಿಂತಿದೆ. ಪೊಟರೆಯಲ್ಲಿ ಕಾವು ಕೂತ ಹೆಣ್ಣು ಗಿಳಿಯನ್ನೂ ಅದರ ಮೊಟ್ಟೆಗಳನ್ನೂ ಗ್ಲೈಡರು ತಿನ್ನುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಾಕಲಾರದೆ ಹೋದವರು, "ಕಾಡಿಗೆ ಬಿಟ್ಟರೆ ಪುಣ್ಯ" ಎಂದು ಭಾವಿಸುವುದುಂಟು. ಪರದೇಶದ ಪ್ರಾಣಿಯನ್ನು ನಮ್ಮ ಗುಡ್ಡದಲ್ಲಿ ಬಿಟ್ಟರೆ ಅದು ಹಸಿವಿನಿಂದ ಸಾಯುತ್ತದೆ. ಸಾಯದಿದ್ದರೆ ನಮ್ಮ ಹಕ್ಕಿಗಳು ಸಾಯಬಹುದು. ಎರಡರಲ್ಲಿಯೂ ಪುಣ್ಯವಿಲ್ಲ.

ಹನ್ನೆರಡು ವರ್ಷಗಳ ಲೆಕ್ಕ

ಮಾರುವವನು ಆಡದೆ ಬಿಡುವ ಮಾತೊಂದಿದೆ. ಅದು ಈ ಪ್ರಾಣಿಯ ಆಯುಸ್ಸು. ಇಲಿ, ಹ್ಯಾಮ್‌ಸ್ಟರ್‌ಗಳಂತೆ ಎರಡು ಮೂರು ವರ್ಷಗಳಲ್ಲಿ ಮುಗಿಯುವ ಬಾಳು ಇದರದಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅದಕ್ಕಿಂತ ಹೆಚ್ಚು ಬಾಳಿದ ಪ್ರಾಣಿಗಳೂ ಉಂಟು.

ಇಂದು ಐದನೆಯ ಇಯತ್ತೆಯಲ್ಲಿರುವ ಹತ್ತು ವರ್ಷದ ಹುಡುಗಿಯ ಮುಂದೆ ಈ ಲೆಕ್ಕವನ್ನು ಇಟ್ಟು ನೋಡಬೇಕು. ಅವಳಿಗೆ ಹದಿನಾರಾದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆ. ಪಂಜರದಲ್ಲಿ ಅದು ಇರುತ್ತದೆ. ಹದಿನೆಂಟಕ್ಕೆ ಅವಳು ಕಲಬುರಗಿಯದೋ ರಾಯಚೂರಿನದೋ ಹಾಸ್ಟೆಲು ಸೇರುತ್ತಾಳೆ. ಅದು ಇನ್ನೂ ಇರುತ್ತದೆ, ಆದರೆ ನೋಡಿಕೊಳ್ಳುವವರು ತಾಯಿ. ತಂದೆ ಬ್ಯಾಂಕಿನಲ್ಲೋ ಸರಕಾರಿ ಶಾಲೆಯಲ್ಲೋ ಇದ್ದರೆ ಈ ಅವಧಿಯಲ್ಲಿ ಮೂರು ವರ್ಗಾವಣೆಗಳಾಗಬಹುದು. ಪ್ರತಿಸಲವೂ ಲಾರಿಯ ಮೇಲೆ ಸಾಮಾನಿನೊಡನೆ ಆ ಪಂಜರವೂ ಹೊರಡಬೇಕು, ಪ್ರತಿಯೊಬ್ಬ ಮನೆಯ ಮಾಲೀಕನಿಂದಲೂ ಅದಕ್ಕೆ ಒಪ್ಪಿಗೆ ಪಡೆಯಬೇಕು. ಅವಳಿಗೆ ಇಪ್ಪತ್ತೆರಡು ತುಂಬಿ ಕೆಲಸದ ಮಾತೋ ಮದುವೆಯ ಮಾತೋ ಬರುವ ಹೊತ್ತಿಗೆ ಆ ಪ್ರಾಣಿ ಮುದಿಯಾಗಿ, ಹಲ್ಲು ಸವೆದು, ಹೆಚ್ಚಿನ ಆರೈಕೆಯನ್ನು ಬೇಡುತ್ತಿರುತ್ತದೆ. ಮಗಳ ಆಸೆಗೆಂದು ತಂದ ಪ್ರಾಣಿಯ ಭಾರ ಮಗಳ ಮೇಲೆ ಬೀಳುವುದಿಲ್ಲ. ತಾಯಿಯ ಮೇಲೆ ಬೀಳುತ್ತದೆ. ಹೀಗಾಗಿ ಈ ನಿರ್ಣಯದಲ್ಲಿ ಮೊದಲ ಮಾತು ಅವಳದಾಗಿರಬೇಕು.

ಈಗಾಗಲೇ ತಂದವರು

ಈ ವಿವರವೆಲ್ಲ ತಿಳಿಯುವ ಮೊದಲೇ ಪ್ರಾಣಿಯನ್ನು ಮನೆಗೆ ತಂದವರು ಎದೆಗೆಡಬೇಕಾಗಿಲ್ಲ. ಒಂಟಿಯಾಗಿದ್ದರೆ ಅದಕ್ಕೊಂದು ಜೊತೆ ಒದಗಿಸುವುದು, ಇಲ್ಲವೆ ಹಲವನ್ನು ಸಾಕಿರುವ ಅನುಭವಸ್ಥರ ಮನೆಗೆ ಅದನ್ನು ಒಪ್ಪಿಸುವುದು ಮೊದಲ ಕೆಲಸ. ಹೊಸ ಜೊತೆಯನ್ನು ಒಮ್ಮೆಲೇ ಒಂದೇ ಪಂಜರಕ್ಕೆ ಹಾಕಬಾರದು. ಕೆಲವು ದಿನ ಪಂಜರಗಳನ್ನು ಸಮೀಪದಲ್ಲಿಟ್ಟು, ಮಲಗುವ ಬಟ್ಟೆಗಳನ್ನು ಅದಲುಬದಲು ಮಾಡಿ, ವಾಸನೆಯ ಪರಿಚಯವಾದ ಮೇಲೆ ಸೇರಿಸಬೇಕು. ಆಹಾರವನ್ನು ವೈದ್ಯರ ಸಲಹೆಯಂತೆ ತಿದ್ದಬೇಕು. ಪಂಜರವನ್ನು ಮನೆಯ ತಂಪಾದ, ನೇರ ಬಿಸಿಲು ಬೀಳದ ಕೋಣೆಯಲ್ಲಿಟ್ಟು, ಬೇಸಗೆಯಲ್ಲಿ ಕರೆಂಟು ಹೋದಾಗ ಒದ್ದೆ ಬಟ್ಟೆಯನ್ನು ಪಂಜರದ ಹೊರಗೆ ಗಾಳಿಯಾಡುವಂತೆ ಇಳಿಬಿಡಬಹುದು. ಹಗಲಿನಲ್ಲಿ ಅದನ್ನು ಎಬ್ಬಿಸದೆ ಬಿಡಬೇಕು. ಸಂಜೆ ಮಬ್ಬು ಬೆಳಕಿನಲ್ಲಿ, ಮೆಲ್ಲಗೆ, ಬಟ್ಟೆಯ ಚೀಲದಲ್ಲಿ ಎದೆಯ ಬಳಿ ಇಟ್ಟುಕೊಂಡರೆ ಕ್ರಮೇಣ ಅದಕ್ಕೆ ನಂಬಿಕೆ ಹುಟ್ಟುತ್ತದೆ. ಹಿಂಗಾಲು ನಡುಗುವುದು, ಊಟ ಬಿಡುವುದು, ರೋಮ ಕೀಳುವುದು ಕಂಡರೆ ನಾಳೆಗೆಂದು ಕಾಯಬಾರದು.

ಮಗುವಿನ ಆಸೆ

ಹಾಗಾದರೆ ಹುಡುಗಿಗೆ ಬೇಡವೆಂದು ಹೇಳಿ ಮುಗಿಸುವುದೆ? ಅವಳ ಆಸೆ ಕೆಟ್ಟದ್ದಲ್ಲ. ಪ್ರಾಣಿಯೊಂದನ್ನು ಹತ್ತಿರದಿಂದ ನೋಡಬೇಕು, ಅದು ತನ್ನನ್ನು ನಂಬಬೇಕು ಎಂಬ ಹಂಬಲ ಮಗುವಿನ ಮನಸ್ಸಿನ ಒಳ್ಳೆಯತನದ ಗುರುತು. ಆ ಹಂಬಲವನ್ನು ಸರಿಯಾದ ದಾರಿಗೆ ಹಚ್ಚುವುದು ತಂದೆತಾಯಿಗಳ ಕೆಲಸ. ಬೀದಿಯಲ್ಲಿ ಹುಟ್ಟಿದ ನಾಯಿಮರಿಯೊಂದಕ್ಕೆ ಲಸಿಕೆ ಹಾಕಿಸಿ ಮನೆಯಲ್ಲಿ ಸಾಕಬಹುದು. ಅದರ ಕಾಯಿಲೆ ಕಸಾಲೆ ಊರಿನ ದವಾಖಾನೆಗೆ ಗೊತ್ತಿದೆ, ಅದರ ಹಗಲು ಅವಳ ಹಗಲೇ ಆಗಿದೆ. ಮಾಳಿಗೆಯ ಮೇಲೆ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟರೆ ಬೇಸಗೆಯ ಮಧ್ಯಾಹ್ನ ಗುಬ್ಬಿ, ಪಿಕಳಾರ, ಮೈನಾಗಳು ತಾವಾಗಿಯೇ ಬರುತ್ತವೆ. ಬೆನ್ನ ಮೇಲೆ ಮೂರು ಗೆರೆಗಳಿರುವ ನಮ್ಮ ಅಳಿಲು ಬೇವಿನ ಮರದಿಂದ ಇಳಿದು ಶೇಂಗಾ ಬೀಜಕ್ಕೆ ಕೈಚಾಚುವುದನ್ನು ನೋಡಲು ಯಾವ ಪರವಾನಗಿಯೂ ಬೇಕಾಗಿಲ್ಲ. ಚಳಿಗಾಲದ ಒಂದು ಭಾನುವಾರ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಕರೆದೊಯ್ದರೆ, ದೂರದ ನಾಡುಗಳಿಂದ ಯಾರೂ ಡಬ್ಬಿಯಲ್ಲಿಟ್ಟು ತಾರದೆ ತಮ್ಮ ರೆಕ್ಕೆಯ ಮೇಲೆಯೇ ಬಂದ ಹಕ್ಕಿಗಳನ್ನು ಅವಳು ಕಣ್ತುಂಬ ನೋಡಬಹುದು.

ಇಷ್ಟಾದ ಮೇಲೂ ಶುಗರ್ ಗ್ಲೈಡರೇ ಬೇಕೆಂದಾದರೆ, ಮನೆಮಂದಿಯೆಲ್ಲ ಒಂದು ಸಂಜೆ ಕೂತು ಒಂದು ಕಾಗದದಲ್ಲಿ ಬರೆಯಲಿ: ರಾತ್ರಿ ಎದ್ದಿರುವವರು ಯಾರು, ಹುಳು ಉಣಿಸುವವರು ಯಾರು, ಮೇ ತಿಂಗಳಲ್ಲಿ ಮನೆ ಬಿಡದಿರುವವರು ಯಾರು, ವೈದ್ಯರು ಎಲ್ಲಿ, ಕಾಗದಪತ್ರ ಎಲ್ಲಿ, ಹನ್ನೆರಡನೆಯ ವರ್ಷ ಪಂಜರದ ಬಳಿ ನಿಲ್ಲುವವರು ಯಾರು. ಒಂದೊಂದು ಪ್ರಶ್ನೆಯ ಮುಂದೆಯೂ ಒಂದು ಹೆಸರು ಬಿದ್ದರೆ ಆಮೇಲೆ ಬೆಲೆ ವಿಚಾರಿಸಬಹುದು. ಎಲ್ಲ ಪ್ರಶ್ನೆಗಳ ಮುಂದೆಯೂ ಒಂದೇ ಹೆಸರು ಬಿದ್ದರೆ, ಅದು ಬಹುಮಟ್ಟಿಗೆ ತಾಯಿಯದೇ ಆಗಿರುವುದರಿಂದ, ಕಾಗದವನ್ನು ಮಡಚಿಟ್ಟು ಮಾಳಿಗೆಯ ಮೇಲೆ ಒಂದು ಬೋಗುಣಿ ನೀರಿಡುವುದು ಮೇಲು.